ಹರಿಗೋಲಿನಲ್ಲಿ ನಾವೇ ಕಂಬ

1/6
ಏಪ್ರಿಲ್ ಕೊನೆ, ಸಂಜೆ ನಾಲ್ಕು ಗಂಟೆ. ಹಂಪಿಯ ತಳವಾರಘಟ್ಟದಲ್ಲಿ ನಿಂತಿದ್ದೀರಿ ಅಂದ್ಕೊಳ್ಳಿ. ಆನೆಗೊಂದಿ ಕಡೆ ಆಕಾಶ ಕಪ್ಪಾಗಿದೆ, ಗುಡುಗು ಶುರುವಾಗಿದೆ, ಮಳೆ ಮಾತ್ರ ಇನ್ನೂ ಒಂದು ಹನಿ ಬಿದ್ದಿಲ್ಲ. ದಡದಲ್ಲಿ ಹರಿಗೋಲು ಇದೆ. "ಐದೇ ನಿಮಿಷ, ದಾಟಿಬಿಡೋಣ" ಅಂತಾನೆ ನಿಮ್ಮ ಗೆಳೆಯ.

ಹತ್ತುತ್ತೀರಾ?

ಉತ್ತರ ಹೇಳೋ ಮುಂಚೆ ದೋಣಿ ಮತ್ತು ಸಿಡಿಲಿನ ಹಳೇ ಕತೆಯೊಂದನ್ನ ಕೇಳಿ. ನಮ್ಮ ಹೊಳೆಯಿಂದಲೇ ಶುರು ಮಾಡ್ತೀನಿ.

2/6
ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಲ್ಲಿಗೆ ಬಂದಿದ್ದ. ಜನ ಆನೆಗೊಂದಿಗೆ ದಾಟೋದನ್ನ ನೋಡಿ ಬರೆದಿಟ್ಟ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, 15-20 ಜನ ಹಿಡಿಸುತ್ತೆ, ನೆಟ್ಟಗೆ ಹೋಗದೆ ಸುತ್ತುತ್ತಾ ಸುತ್ತುತ್ತಾ ಸಾಗುತ್ತೆ.

ಅದೇ ನಮ್ಮ ಹರಿಗೋಲು. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಆಕಾರ ಬದಲಾಗಿಲ್ಲ. ಇನ್ನೊಂದು ವಿಷಯವೂ ಬದಲಾಗಿಲ್ಲ: ಅದರಲ್ಲಿ ಕೂತವರ ತಲೆಯ ಮೇಲೆ ಏನೂ ಇಲ್ಲ.

ಗುಡುಗಿದಾಗ ನಮ್ಮ ಅಜ್ಜ ಅಜ್ಜಿ ಅರ್ಜುನನ ಹೆಸರುಗಳನ್ನ ಹೇಳ್ತಿದ್ರು, ಅಲ್ವಾ? ಅದು ಧೈರ್ಯಕ್ಕೆ. ಸಿಡಿಲಿಗೆ ದಾರಿ ತೋರಿಸಬಹುದು ಅನ್ನೋದು ಗೊತ್ತಾಗಿದ್ದು 18ನೇ ಶತಮಾನದಲ್ಲಿ.

3/6
1752ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಯುರೋಪಿನ ವಿಜ್ಞಾನಿಗಳು ಮಿಂಚು ಅಂದ್ರೆ ವಿದ್ಯುತ್ತೇ ಅಂತ ತೋರಿಸಿಕೊಟ್ಟರು. ಸ್ವಲ್ಪ ದಿನಕ್ಕೇ ಕಟ್ಟಡಗಳಿಗೆ ಮಿಂಚುವಾಹಕ ಬಂತು: ತುದಿಯಲ್ಲಿ ಸರಳು, ಅಲ್ಲಿಂದ ನೆಲಕ್ಕೆ ಲೋಹದ ದಾರಿ.

ಹಡಗಿಗೆ ಏನು ಮಾಡೋದು? ನಡುಸಮುದ್ರದಲ್ಲಿ ಅದರ ಮರದ ಪಟಗಂಬವೇ ಎಲ್ಲಕ್ಕಿಂತ ಎತ್ತರ. ಸಿಡಿಲು ಬಡಿದರೆ ಕಂಬ ಸೀಳುತ್ತಿತ್ತು, ಬೆಂಕಿ ಹತ್ತುತ್ತಿತ್ತು, ಜನ ಸಾಯ್ತಿದ್ರು. ಅದಕ್ಕೆ ಬ್ರಿಟಿಷ್ ಹಡಗುಗಳಿಗೆ ತಾಮ್ರದ ಸರಪಳಿ ಕೊಟ್ಟರು. ಬಿರುಗಾಳಿ ಬರೋ ಹೊತ್ತಿಗೆ ಅದನ್ನ ಕಂಬದ ತುದಿಗೆ ಏರಿಸಿ ಇನ್ನೊಂದು ತುದಿಯನ್ನ ನೀರಿಗೆ ಬಿಡಬೇಕು.

ಆದ್ರೆ ಆಗಿದ್ದೇನು? ಸರಪಳಿ ಪೆಟ್ಟಿಗೆಯಲ್ಲೇ ಉಳೀತಿತ್ತು. ಮೋಡ ಇಲ್ಲದಾಗ ಯಾರಿಗೂ ಅದರ ನೆನಪಿಲ್ಲ. ಮೋಡ ಕವಿದ ಮೇಲೆ ಕಂಬ ಹತ್ತೋದೇ ಅಪಾಯ.

ಈ ಪೆಟ್ಟಿಗೆಯನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

4/6
ವಿಲಿಯಂ ಸ್ನೋ ಹ್ಯಾರಿಸ್ ಅನ್ನೋ ಇಂಗ್ಲಿಷ್ ವೈದ್ಯ ಒಂದು ಸರಳ ಉಪಾಯ ಹೇಳಿದ. ಏರಿಸೋದು ಇಳಿಸೋದು ಬೇಡವೇ ಬೇಡ. ತಾಮ್ರದ ಪಟ್ಟಿಗಳನ್ನ ಕಂಬದ ಮೈಗೇ ಕೂರಿಸಿ, ಹಡಗಿನ ತಳದ ತನಕ ಒಯ್ದು ನೀರಿಗೆ ಜೋಡಿಸಿ. ಯಾವಾಗ ಬಡಿದರೂ ದಾರಿ ಸಿದ್ಧವಾಗಿರುತ್ತೆ.

ಪರೀಕ್ಷೆಗೆ ಇದನ್ನ ಹಾಕಿದ ಹಡಗುಗಳಲ್ಲಿ ಒಂದರ ಹೆಸರು ನಿಮಗೂ ಗೊತ್ತು: ಬೀಗಲ್. 1831ರಲ್ಲಿ 22 ವರ್ಷದ ಚಾರ್ಲ್ಸ್ ಡಾರ್ವಿನ್ ಹತ್ತಿದ್ದು ಇದೇ ಹಡಗನ್ನ. ಮುಂದೆ 1840ರ ದಶಕದಲ್ಲಿ ಬ್ರಿಟಿಷ್ ನೌಕಾಪಡೆ ಈ ವ್ಯವಸ್ಥೆಯನ್ನ ಒಪ್ಪಿಕೊಳ್ತು. 1847ರಲ್ಲಿ ಹ್ಯಾರಿಸ್‌ಗೆ 'ಸರ್' ಪದವಿ ಸಿಕ್ಕಿತು.

5/6
ಆಗಿನ ಹಡಗಿನ 'ಎಲೆಕ್ಟ್ರಾನಿಕ್ಸ್' ಅಂದ್ರೆ ದಿಕ್ಸೂಚಿ. ಸಿಡಿಲು ಬಡಿದ ಹಡಗಿನಲ್ಲಿ ಅದರ ಮುಳ್ಳು ಉತ್ತರದ ಬದಲು ದಕ್ಷಿಣ ತೋರಿಸಿದ್ದೂ ಉಂಟು. ಈಗ ಆ ಜಾಗದಲ್ಲಿ ಜಿಪಿಎಸ್, ರೇಡಿಯೋ, ಮೊಬೈಲ್ ಇವೆ. ಹತ್ತಿರದಲ್ಲಿ ಸಿಡಿಲು ಬಿದ್ದರೂ ಸಾಕು, ತಂತಿಗಳಲ್ಲಿ ವೋಲ್ಟೇಜ್ ಏರಿ ಅವು ಸುಡಬಹುದು. ಅದಕ್ಕೇ ನಾವಿಕರು ಗುಡುಗು ಕೇಳೋ ಮೊದಲೇ ಆಂಟೆನಾ, ಕರೆಂಟಿನ ವೈರ್ ಬಿಚ್ಚಿಡ್ತಾರೆ. ಸಣ್ಣ ಉಪಕರಣಗಳನ್ನ ಮುಚ್ಚಳ ಇರೋ ಲೋಹದ ಡಬ್ಬಿಗೆ ಹಾಕ್ತಾರೆ. ಲೋಹದ ಗೂಡಿನ ಒಳಗೆ ವಿದ್ಯುತ್ತಿನ ಪ್ರಭಾವ ತಟ್ಟಲ್ಲ ಅಂತ ಮೈಕೆಲ್ ಫ್ಯಾರಡೆ 1836ರಲ್ಲೇ ತೋರಿಸಿದ್ದ.

ಹಾಗೇ ಒಂದು ಮಾತು: ಕೈಯಲ್ಲಿರೋ ಮೊಬೈಲ್ ಸಿಡಿಲನ್ನ ಎಳೆಯಲ್ಲ. ಚಾರ್ಜಿಂಗ್‌ಗೆ ಹಾಕಿರೋ ಮೊಬೈಲ್ ಮುಟ್ಟಬೇಡಿ, ಅಷ್ಟೇ.

6/6
ಈಗ ತಳವಾರಘಟ್ಟಕ್ಕೆ ವಾಪಸ್ ಬನ್ನಿ. ಹರಿಗೋಲಿಗೆ ಪಟಗಂಬ ಇಲ್ಲ, ತಾಮ್ರದ ಪಟ್ಟಿ ಇಲ್ಲ, ಒಳಗೆ ಹೋಗಿ ಕೂರೋಕೆ ಕೋಣೆ ಇಲ್ಲ. ನೀರಿನ ಮೇಲೆ ಎಲ್ಲಕ್ಕಿಂತ ಎತ್ತರ ಇರೋದು ಮನುಷ್ಯ. ಅಂದ್ರೆ ಕಂಬ ನಾವೇ. ಹೊಸಪೇಟೆ ಪಕ್ಕದ ತುಂಗಭದ್ರಾ ಜಲಾಶಯದಲ್ಲಿ ಇದು ಇನ್ನೂ ಕಷ್ಟ. ತುಂಬಿದಾಗ 378 ಚದರ ಕಿಲೋಮೀಟರ್ ನೀರು, ನಡುವೆ ತೆಪ್ಪದಲ್ಲಿ ಬಲೆ ಬಿಡೋ ಮೀನುಗಾರ ಒಬ್ಬನೇ.

ಇಲ್ಲಿ ರಕ್ಷಣೆ ಒಂದೇ: ಮೊದಲೇ ದಡದಲ್ಲಿರೋದು. ಲೆಕ್ಕ ಸುಲಭ. ಸಂಡೂರು ಬೆಟ್ಟದ ಕಡೆ ಮಿಂಚು ಕಂಡರೆ ಎಣಿಸೋಕೆ ಶುರು ಮಾಡಿ. ಗುಡುಗು ಕೇಳೋ ತನಕದ ಸೆಕೆಂಡುಗಳನ್ನ 3ರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅನ್ನೋದು ಸಿಗುತ್ತೆ. 30 ಸೆಕೆಂಡ್ ಅಥವಾ ಕಡಿಮೆ ಇದ್ದರೆ ನೀರಲ್ಲಿ ಇರಬಾರದು. ಕೊನೇ ಗುಡುಗಿನ ನಂತರ 30 ನಿಮಿಷ ಕಾಯಬೇಕು. ಮರದ ಕೆಳಗೆ ಬೇಡ, ಮಾತಂಗ ಬೆಟ್ಟದ ತುದಿಯೂ ಬೇಡ. ಗೋಡೆ ಇರೋ ಕಟ್ಟಡ, ಇಲ್ಲವೇ ಕಿಟಕಿ ಮುಚ್ಚಿದ ಕಾರು, ಬಸ್ಸು.

ಎಚ್ಚರಿಕೆಗೆ ಆ್ಯಪ್‌ಗಳೂ ಇವೆ: ಕರ್ನಾಟಕದ 'ಸಿಡಿಲು', ಪುಣೆಯ ಹವಾಮಾನ ವಿಜ್ಞಾನಿಗಳ 'ದಾಮಿನಿ'. ಆದರೂ ದೇಶದಲ್ಲಿ ವರ್ಷಕ್ಕೆ 2,500ಕ್ಕೂ ಹೆಚ್ಚು ಜನ ಸಿಡಿಲಿಗೆ ಬಲಿಯಾಗ್ತಿದ್ದಾರೆ. ಡೌನ್‌ಲೋಡ್ ಮಾಡಿ ತೆರೆಯದೇ ಇಟ್ಟ ಆ್ಯಪ್ ಅಂದ್ರೆ ಪೆಟ್ಟಿಗೆಯಲ್ಲಿ ಉಳಿದ ಸರಪಳಿ.

ಮಳೆಗಾಲದಲ್ಲಿ ಡ್ಯಾಂ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದರೆ ಜನ ಕಾಯ್ತಾರೆ, ಯಾಕಂದ್ರೆ ನೀರು ಕಣ್ಣಿಗೆ ಕಾಣುತ್ತೆ. ಸಿಡಿಲು ಬೀಳೋ ತನಕ ಕಾಣಲ್ಲ. ಅಂಬಿಗ ಅಣ್ಣ "ಬ್ಯಾಡ, ತಡೀರಿ" ಅಂದ್ರೆ ವಾದ ಮಾಡಬೇಡಿ. ನಿಮ್ಮನ್ನ ನಿಲ್ಲಿಸಿದರೆ ಅವನ ಆ ಹೊತ್ತಿನ ದುಡಿಮೆಯೂ ಹೋಗುತ್ತೆ. ಅದು ಗೊತ್ತಿದ್ದೂ ಹೇಳ್ತಿದ್ದಾನೆ ಅಂದ್ರೆ ಕೇಳಿ.

ಹೊಳೆ ಹತ್ರ ಮನೆ ಇರೋ ಕ್ಲಾಸ್‌ಮೇಟ್‌ಗೆ ಇದನ್ನ ಇವತ್ತೇ ಕಳಿಸಿ, ಮೋಡ ಕವಿಯೋ ಮೊದಲು.

#ಹಂಪಿ #ಹೊಸಪೇಟೆ #ತುಂಗಭದ್ರಾ #ಹರಿಗೋಲು #ಸಿಡಿಲು