ಊರ್ಮಿಳೆಯನ್ನು ಮರೆತವರು ಯಾರು?

ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ಚಿತ್ರಗಳನ್ನು ನೋಡುವ ಒಂದು ದೃಶ್ಯವಿದೆ. ರಾಮನ ಬದುಕಿನ ಘಟನೆಗಳನ್ನು ಚಿತ್ರಿಸಲಾಗಿದ್ದು, ಲಕ್ಷ್ಮಣ ಒಂದೊಂದನ್ನೇ ತೋರಿಸುತ್ತ ಹೋಗುತ್ತಾನೆ. ಮದುವೆಯ ಚಿತ್ರ ಬಂದಾಗ ಇವರು ಸೀತೆ, ಇವರು ಮಾಂಡವಿ, ಇವಳು ಶ್ರುತಕೀರ್ತಿ ಎಂದು ಹೇಳಿ ಒಬ್ಬಳನ್ನು ಬಿಟ್ಟುಬಿಡುತ್ತಾನೆ. ಈ ಇನ್ನೊಬ್ಬಳು ಯಾರಪ್ಪಾ ಎಂದು ಸೀತೆ ಕೀಟಲೆಯಿಂದ ಕೇಳುತ್ತಾಳೆ. ಲಕ್ಷ್ಮಣ ನಾಚಿಕೊಂಡು ಪರಶುರಾಮನ ಚಿತ್ರದ ಕಡೆಗೆ ಮಾತು ತಿರುಗಿಸುತ್ತಾನೆ. ಆ ಇನ್ನೊಬ್ಬಳು ಅವನ ಹೆಂಡತಿ ಊರ್ಮಿಳೆ. ಅಲ್ಲಿಗೆ ಅವಳ ಪ್ರಸಂಗ ಮುಗಿಯಿತು.

ವಾಲ್ಮೀಕಿಯಲ್ಲೂ ಅವಳಿಗೆ ಸಿಕ್ಕಿದ್ದು ಹೆಚ್ಚೇನಲ್ಲ. ಬಾಲಕಾಂಡದಲ್ಲಿ ಜನಕ ಅವಳನ್ನು ಲಕ್ಷ್ಮಣನಿಗೆ ಧಾರೆಯೆರೆದು ಕೊಡುತ್ತಾನೆ. ಅಯೋಧ್ಯಾಕಾಂಡದ ಕೊನೆಯಲ್ಲಿ ಸೀತೆ ಅನಸೂಯೆಗೆ ತನ್ನ ಮದುವೆಯ ಕತೆ ಹೇಳುವಾಗ ತಂಗಿಯ ಹೆಸರೂ ಒಮ್ಮೆ ಬಂದುಹೋಗುತ್ತದೆ. ಇಡೀ ಕಾವ್ಯದಲ್ಲಿ ಊರ್ಮಿಳೆಯ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಕಾಡಿಗೆ ಹೊರಟ ಲಕ್ಷ್ಮಣನಿಗೆ ತಾಯಿ ಸುಮಿತ್ರೆ ಹೇಳಿದ ಬುದ್ಧಿಮಾತು ಇಂದಿಗೂ ಹರಿಕಥೆಗಳಲ್ಲಿ ಕೇಳಿಬರುತ್ತದೆ. ಅವನು ಹೆಂಡತಿಗೆ ಹೋಗಿಬರುತ್ತೇನೆ ಎಂದು ಹೇಳಿದನೇ ಇಲ್ಲವೇ ಎಂಬುದು ಮಾತ್ರ ಕಾವ್ಯದಲ್ಲಿಲ್ಲ.

ಈ ಕೊರತೆಯನ್ನು ಹೆಸರಿಟ್ಟು ಹೇಳಿದವರು ರವೀಂದ್ರನಾಥ ಠಾಕೂರರು. ಅವರ ‘ಕಾವ್ಯೇರ್ ಉಪೇಕ್ಷಿತಾ’ ಪ್ರಬಂಧ 1907ರಲ್ಲಿ ಬಂದ ‘ಪ್ರಾಚೀನ ಸಾಹಿತ್ಯ’ ಸಂಕಲನದಲ್ಲಿದೆ. ಶಕುಂತಲೆಯ ಗೆಳತಿಯರಾದ ಅನಸೂಯೆ ಮತ್ತು ಪ್ರಿಯಂವದೆ, ಬಾಣನ ‘ಕಾದಂಬರಿ’ಯ ಪತ್ರಲೇಖೆ, ಇವರೆಲ್ಲರ ಜೊತೆಗೆ ಊರ್ಮಿಳೆಯನ್ನೂ ನಿಲ್ಲಿಸಿ ಅವರು ಕವಿಗಳನ್ನು ಆಕ್ಷೇಪಿಸಿದರು. 1908ರಲ್ಲಿ ಮಹಾವೀರ ಪ್ರಸಾದ ದ್ವಿವೇದಿ ತಮ್ಮ ‘ಸರಸ್ವತಿ’ ಪತ್ರಿಕೆಯಲ್ಲಿ ಇದೇ ದೂರನ್ನು ಹಿಂದಿಯಲ್ಲಿ ಬರೆದರು. ಅದೂ ಸ್ವಂತ ಹೆಸರಿನಲ್ಲಲ್ಲ, ಭುಜಂಗಭೂಷಣ ಭಟ್ಟಾಚಾರ್ಯ ಎಂಬ ಬಂಗಾಳಿ ವಾಸನೆಯ ಗುಪ್ತನಾಮದಲ್ಲಿ! ಆ ಲೇಖನ ಓದಿದವರಲ್ಲಿ ಝಾನ್ಸಿ ಬಳಿಯ ಚಿರಗಾಂವಿನ ಮೈಥಿಲೀಶರಣ ಗುಪ್ತರೂ ಒಬ್ಬರು. 1930ರ ದಶಕದ ಆರಂಭದಲ್ಲಿ ಪ್ರಕಟವಾದ ಅವರ ‘ಸಾಕೇತ’ ಮಹಾಕಾವ್ಯದಲ್ಲಿ ರಾಮಾಯಣ ಕಾಡಿಗೆ ಹೋಗದೆ ಅಯೋಧ್ಯೆಯಲ್ಲೇ ಉಳಿಯುತ್ತದೆ. ಒಂಬತ್ತನೆಯ ಸರ್ಗವಿಡೀ ಊರ್ಮಿಳೆಯ ವಿರಹ. ಲಕ್ಷ್ಮಣ ಯುದ್ಧದಲ್ಲಿ ಬಿದ್ದ ಸುದ್ದಿ ತಿಳಿದಾಗ ಅವಳು ಸೈನ್ಯದೊಡನೆ ಲಂಕೆಗೆ ಹೊರಡಲು ಸಿದ್ಧಳಾಗುತ್ತಾಳೆ. ಕನ್ನಡದಲ್ಲಿ ಕುವೆಂಪು 1949ರ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಅವಳನ್ನು ತಪಸ್ವಿನಿಯನ್ನಾಗಿ ಕಂಡರು. ಮಂಥರೆಯ ಒಳಗೂ ತಾಯ್ತನದ ಮಮತೆಯನ್ನು ಕಂಡ ಕವಿಗೆ ಊರ್ಮಿಳೆ ತಪ್ಪಿಹೋಗುವುದು ಸಾಧ್ಯವೂ ಇರಲಿಲ್ಲ.

ಸಾಹಿತ್ಯ ಚರಿತ್ರೆಗಳು ಸಾಮಾನ್ಯವಾಗಿ ಹೇಳುವ ಕತೆ ಇಷ್ಟೇ: ಸಾವಿರಾರು ವರ್ಷ ಮರೆತಿದ್ದವಳನ್ನು ಇಪ್ಪತ್ತನೆಯ ಶತಮಾನ ನೆನಪಿಸಿಕೊಂಡಿತು. ಆದರೆ ಮರೆತವರು ಯಾರು? ಬರೆದವರು. ಹಾಡುವವರು ಮರೆತಿರಲಿಲ್ಲ.

ಆಂಧ್ರದ ಬ್ರಾಹ್ಮಣ ಮನೆಗಳಲ್ಲಿ ಮಧ್ಯಾಹ್ನದ ಊಟ ಮುಗಿದು, ಪಾತ್ರೆ ತೊಳೆದು, ಗಂಡಸರೆಲ್ಲ ಅತ್ತ ಹೋದ ಮೇಲೆ ಹೆಂಗಸರು ಹಿತ್ತಲ ಕಡೆಯ ಪಡಸಾಲೆಯಲ್ಲಿ ಕೂತು ಹಾಡಿಕೊಳ್ಳುತ್ತಿದ್ದ ರಾಮಾಯಣದ ಹಾಡುಗಳಿವೆ. 1955ರಲ್ಲಿ ಹೈದರಾಬಾದಿನಿಂದ ‘ಸ್ತ್ರೀಲ ರಾಮಾಯಣಪು ಪಾಟಲು’ ಎಂಬ ಸಂಗ್ರಹವೇ ಬಂತು. ವೆಲ್ಚೇರು ನಾರಾಯಣರಾವ್ ಈ ಹಾಡುಗಳ ಬಗ್ಗೆ 1991ರಲ್ಲಿ ಬರೆದ ಪ್ರಬಂಧದಿಂದ ಅವು ತೆಲುಗಿನಾಚೆಗೂ ಪರಿಚಯವಾದವು. ಅವುಗಳಲ್ಲಿ ಒಂದು ‘ಊರ್ಮಿಳಾದೇವಿ ನಿದ್ರ’.

ಇಲ್ಲಿ ಊರ್ಮಿಳೆ ಅಳುತ್ತ ಕೂರುವುದಿಲ್ಲ, ತಪಸ್ಸಿಗೂ ಕೂರುವುದಿಲ್ಲ. ಮಲಗಿಬಿಡುತ್ತಾಳೆ. ಕಾಡಿನಲ್ಲಿ ಲಕ್ಷ್ಮಣ ಹದಿನಾಲ್ಕು ವರ್ಷ ಕಣ್ಣು ಮುಚ್ಚುವುದಿಲ್ಲ, ಅರಮನೆಯಲ್ಲಿ ಇವಳು ಹದಿನಾಲ್ಕು ವರ್ಷ ಕಣ್ಣು ತೆರೆಯುವುದಿಲ್ಲ. ಎಲ್ಲರೂ ಹಿಂದಿರುಗಿ ರಾಮ ಒಡ್ಡೋಲಗದಲ್ಲಿ ಕೂತ ಮೇಲೂ ಅವಳ ನೆನಪಾಗುವುದು ಸೀತೆಗೆ ಮಾತ್ರ. ತಮ್ಮನನ್ನು ಅವನ ಹೆಂಡತಿಯ ಬಳಿಗೆ ಕಳಿಸಿ ಎಂದು ರಾಮನಿಗೆ ಹೇಳುವವಳು ಅವಳೇ. ಲಕ್ಷ್ಮಣ ಅಂತಃಪುರಕ್ಕೆ ಹೋಗಿ ಹಾಸಿಗೆಯ ಪಕ್ಕ ಕೂತು ಮಾತಾಡಿಸುತ್ತಾನೆ. ಊರ್ಮಿಳೆಗೆ ಗುರುತು ಹತ್ತುವುದಿಲ್ಲ. ಯಾರೋ ಪರಪುರುಷ ಒಳಗೆ ನುಗ್ಗಿದ್ದಾನೆಂದು ನಡುಗುತ್ತಲೇ ಗದರಿಸುತ್ತಾಳೆ. ತಂದೆ ಜನಕನಿಗೆ ತಿಳಿದರೆ ಶಿಕ್ಷೆ ತಪ್ಪದು, ಅಕ್ಕ ಭಾವ ನಿನ್ನನ್ನು ಜೀವಸಹಿತ ಬಿಡರು ಎನ್ನುತ್ತಾಳೆ. ಪರರ ಹೆಂಡತಿಯನ್ನು ಬಯಸಿ ಇಂದ್ರನ ಮೈ ಏನಾಯಿತು, ರಾವಣನ ಗತಿ ಏನಾಯಿತು ಎಂದು ಕೇಳುತ್ತಾಳೆ. ಹದಿನಾಲ್ಕು ವರ್ಷ ನಿದ್ದೆಯಲ್ಲಿದ್ದವಳಿಗೆ ರಾವಣ ಸತ್ತದ್ದು ಹೇಗೆ ಗೊತ್ತಾಯಿತು? ಹಾಡುವವರು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಯಾವ ರಾಕ್ಷಸನ ಮುಂದೆಯೂ ಕುಗ್ಗದ ಲಕ್ಷ್ಮಣ ಇಲ್ಲಿ ತಾನು ಯಾರೆಂದು ಹೆಂಡತಿಯ ಮುಂದೆ ಅಂಗಲಾಚಿ ಹೇಳಿಕೊಳ್ಳಬೇಕಾಗುತ್ತದೆ. ಗಂಡನ ಮುಂದೆ ನಿಂತು ಹೇಳಲಾಗದ ಸಿಟ್ಟನ್ನು ಅಪರಿಚಿತನ ಮೇಲೆ ಹೊರಹಾಕುವುದಕ್ಕೆ ನಿದ್ದೆಗಣ್ಣಿಗಿಂತ ಒಳ್ಳೆಯ ನೆಪ ಬೇಕೆ? ಹೇಳದೆ ಕೇಳದೆ ಹೋದವನು ಎಂದಾದರೊಂದು ದಿನ ಬಂದು ಬಾಗಿಲು ತಟ್ಟಿದರೆ ಯಾರಪ್ಪಾ ನೀನು ಎಂದು ಕೇಳಬೇಕೆಂಬ ಆಸೆ, ಹಿತ್ತಲಲ್ಲಿ ಕೂತವರಲ್ಲಿ ಎಷ್ಟು ಜನಕ್ಕಿತ್ತೋ. ಕೊನೆಗೆ ಗುರುತು ಸಿಗುತ್ತದೆ, ಇಬ್ಬರೂ ಒಂದಾಗುತ್ತಾರೆ. ಹಾಡು ಮನೆಯ ಕಟ್ಟನ್ನು ಮುರಿಯುವುದಿಲ್ಲ.

ಪ್ರಬಂಧಕಾರರ ಕನಿಕರಕ್ಕೂ ಈ ಹಾಡಿಗೂ ಇರುವ ವ್ಯತ್ಯಾಸ ಇಲ್ಲಿದೆ. ಠಾಕೂರರು ಊರ್ಮಿಳೆಯ ಪರವಾಗಿ ಕವಿಗಳನ್ನು ಪ್ರಶ್ನಿಸಿದರು. ಗುಪ್ತರು ಅವಳ ಕಣ್ಣೀರಿಗೆ ಸರ್ಗ ಕೊಟ್ಟರು, ಕುವೆಂಪು ಅವಳನ್ನು ಎತ್ತರದಲ್ಲಿ ಕೂರಿಸಿದರು. ಮೂವರೂ ಅವಳಿಗೆ ಗೌರವ ಕೊಟ್ಟರು. ಲಕ್ಷ್ಮಣನನ್ನು ಹೆದರಿಸುವ ಹಕ್ಕು ಕೊಟ್ಟವರು ಹೆಸರಿಲ್ಲದ ಹೆಂಗಸರು.

ತೆಲುಗಿನಲ್ಲೇ ಆ ಎಳೆ ಮುಂದುವರಿಯಿತು. 2015ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಓಲ್ಗಾ ಅವರ ‘ವಿಮುಕ್ತ’ ಕಥಾಸಂಕಲನದಲ್ಲಿ ಸೀತೆ ಬೇರೆ ಬೇರೆ ಕತೆಗಳಲ್ಲಿ ಶೂರ್ಪನಖಿಯನ್ನು, ಅಹಲ್ಯೆಯನ್ನು, ರೇಣುಕೆಯನ್ನು, ಊರ್ಮಿಳೆಯನ್ನು ಭೇಟಿಯಾಗುತ್ತಾಳೆ. ಓಲ್ಗಾ ಅವರ ಊರ್ಮಿಳೆ ಮಲಗಿಲ್ಲ. ಬಾಗಿಲು ಹಾಕಿಕೊಂಡು ಎಚ್ಚರವಾಗಿದ್ದಾಳೆ. ತನ್ನನ್ನು ಒಂದು ಮಾತು ಕೇಳದೆ ಎಲ್ಲರೂ ತೀರ್ಮಾನ ಮಾಡಿದ ಸಿಟ್ಟಿನಿಂದ ಶುರುವಾದ ಅವಳ ಯೋಚನೆ, ಒಬ್ಬರ ಮೇಲೆ ಇನ್ನೊಬ್ಬರಿಗಿರುವ ಅಧಿಕಾರವೆಂದರೇನು ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ. ಹದಿನಾಲ್ಕು ವರ್ಷದ ಮೇಲೆ ಒಳಗೆ ಬಂದ ಅಕ್ಕನಿಗೆ ಸಮಾಧಾನ ಹೇಳುವವಳು ತಂಗಿಯೇ.

ಇನ್ನು ಮಾಂಡವಿ. ಅವಳ ಗಂಡ ಕಾಡಿಗೇನೂ ಹೋಗಲಿಲ್ಲ. ಅಯೋಧ್ಯೆಯ ಹೊರಗೆ ನಂದಿಗ್ರಾಮದಲ್ಲಿ ನಾರುಡುಗೆ ಉಟ್ಟು, ಜಡೆ ಬಿಟ್ಟು, ಪಾದುಕೆ ಇಟ್ಟುಕೊಂಡು ಹದಿನಾಲ್ಕು ವರ್ಷ ಕಳೆದ. ಆಗ ಅವಳು ಎಲ್ಲಿದ್ದಳೆಂದು ವಾಲ್ಮೀಕಿ ಹೇಳುವುದಿಲ್ಲ. ಗುಪ್ತರು ‘ಸಾಕೇತ’ದಲ್ಲಿ ಅವಳಿಗೂ ಒಂದಿಷ್ಟು ಮಾತು ಕೊಟ್ಟರು. ಶ್ರುತಕೀರ್ತಿಗೆ ಅಷ್ಟೂ ಇಲ್ಲ. ಭವಭೂತಿಯ ಚಿತ್ರಗಳ ಮುಂದೆ ಲಕ್ಷ್ಮಣ ಅವಳ ಹೆಸರನ್ನು ತಡವರಿಸದೆ ಹೇಳಿದ್ದ. ಹೇಳಿಯಾಗಿತ್ತಲ್ಲ, ಸೀತೆಯೂ ಅವಳ ವಿಷಯ ಮತ್ತೇನೂ ಕೇಳಲಿಲ್ಲ.