ಹತ್ತಿಯ ಹೊನ್ನು ಕರಗಿದ 1865

ಗದಗ-ಬೆಟಗೇರಿಯ ಹತ್ತಿ ಪೇಟೆಯ ಹಿರಿಮೆಯನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಹತ್ತಿ ಒಮ್ಮೆ ಈ ಸೀಮೆಯನ್ನು ಸಂಕಷ್ಟಕ್ಕೆ ದೂಡಿದ ಬಗೆಯನ್ನು ನೆನೆಯುವವರು ವಿರಳ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆರಂಭವಾಯಿತು. ಇಂಗ್ಲೆಂಡಿನ ಗಿರಣಿಗಳ ಹತ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲಿಂದಲೇ, ಗುಲಾಮರ ದುಡಿಮೆಯಿಂದ, ಬರುತ್ತಿತ್ತು. ಆ ಬಂದರುಗಳು ಮುಚ್ಚಿದೊಡನೆ ಮುಂಬೈಯ ಹತ್ತಿಗೆ ಬೆಲೆ ಹಲವು ಪಟ್ಟು ಏರಿತು. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕದ ತಳಿ ಬೆಳೆಯುತ್ತಿತ್ತು. ರೈತರು ಅದನ್ನು ವಿಲಾಯತಿ ಹತ್ತಿ ಎಂದರು. ರೈಲು ಬಾರದ ಆ ಕಾಲದಲ್ಲಿ ಅಂಡಿಗೆ ಹೇರಿದ ಬಂಡಿಗಳು ಘಟ್ಟವಿಳಿದು ಕುಮಟಾ ಬಂದರಿಗೆ ಸಾಗುತ್ತಿದ್ದವು. ಗದಗ, ಮುಂಡರಗಿ ಬ್ರಿಟಿಷರವು. ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು. ಹತ್ತಿಯ ದರಕ್ಕೆ ಮಾತ್ರ ಈ ಗಡಿಗಳಿರಲಿಲ್ಲ.

ದುರಾಸೆ ಮೊದಲು ಅಂಡಿಗೆಯೊಳಗೆ ಕಾಣಿಸಿಕೊಂಡಿತು. ತೂಕ ಹೆಚ್ಚಲೆಂದು ಬೀಜ, ಮಣ್ಣು, ನೀರು ಸೇರಿಸುವುದು ಎಷ್ಟು ಬೆಳೆಯಿತೆಂದರೆ 1863ರಲ್ಲಿ ಮುಂಬೈ ಸರಕಾರ ಹತ್ತಿಯ ಕಲಬೆರಕೆಯ ವಿರುದ್ಧ ಕಾಯಿದೆಯನ್ನೇ ತರಬೇಕಾಯಿತು. ಮದೀನದ ಪೇಟೆಯಲ್ಲಿ ಧಾನ್ಯದ ರಾಶಿಗೆ ಕೈಯಿಟ್ಟು, ಒಳಗಿನ ತೇವವನ್ನು ಕಂಡು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರವಾದಿ ಮುಹಮ್ಮದ್(ಸ)ರ ಪ್ರಸಂಗ ಇಲ್ಲಿ ತಾನಾಗಿ ನೆನಪಾಗುತ್ತದೆ.

ಆದರೆ ದೊಡ್ಡ ಅನರ್ಥ ಮುಂಬೈಯಲ್ಲಿ ಬೆಳೆಯುತ್ತಿತ್ತು. ಹತ್ತಿಯ ಹಣದಿಂದ ಹೊಸ ಹೊಸ ಬ್ಯಾಂಕುಗಳೂ ಕಂಪನಿಗಳೂ ಹುಟ್ಟಿದವು. ಬ್ಯಾಕ್ ಬೇ ಕಡಲನ್ನು ತುಂಬಿಸಿ ನೆಲ ಮಾಡುವ ಕಂಪನಿಯ ಪಾಲುಗಳು ನೆಲ ಕಾಣುವ ಮೊದಲೇ ಗಗನಕ್ಕೇರಿದವು. ಬ್ಯಾಂಕ್ ಆಫ್ ಬಾಂಬೆ ಅಂಥ ಪಾಲುಗಳನ್ನೇ ಅಡವಿಟ್ಟುಕೊಂಡು ಸಾಲ ಕೊಟ್ಟಿತು. ವಾಯಿದೆ ಒಪ್ಪಂದಗಳು ಕೈಯಿಂದ ಕೈಗೆ ದಾಟಿದವು. 1865ರ ಏಪ್ರಿಲ್‌ನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದನು. ಹತ್ತಿಯ ದರ ಕುಸಿಯಿತು. ಜುಲೈ 1ರ ವಾಯಿದೆಯ ದಿನ ಕೊಡಬೇಕಾದವರ ಕೈ ಬರಿದಾಗಿತ್ತು. ಪ್ರೇಮಚಂದ್ ರಾಯ್‌ಚಂದರಂಥ ಧನಿಕರೇ ದಿವಾಳಿಯಾದರು. ಬ್ಯಾಂಕೂ ಕೆಲ ವರ್ಷಗಳಲ್ಲಿ ಮುಚ್ಚಿತು.

ಈ ಕುಸಿತಕ್ಕೆ ಯುದ್ಧ ಮುಗಿದದ್ದೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ನಮಗೆ ಅದು ನಿಮಿತ್ತವಾಗಿ ಮಾತ್ರ ಕಾಣುತ್ತದೆ. ಯಾವ ಯುದ್ಧವಾದರೂ ಒಂದು ದಿನ ಮುಗಿಯಲೇಬೇಕು. ಕೈಯಲ್ಲಿಲ್ಲದ ಸರಕನ್ನು, ಕೈಯಲ್ಲಿಲ್ಲದ ಹಣಕ್ಕೆ, ಸಾಲದ ಬಲದಿಂದ ಮಾರಿದ್ದೇ ಮೂಲ. ಇಸ್ಲಾಮ್ ಮುಂಗಡ ವ್ಯಾಪಾರವನ್ನು ಪೂರ್ತಿಯಾಗಿ ನಿಷೇಧಿಸಿಲ್ಲ. ಮದೀನದವರು ಖರ್ಜೂರಕ್ಕೆ ವರ್ಷಗಳ ಮೊದಲೇ ಹಣ ಕೊಡುತ್ತಿದ್ದರು; ಅಳತೆ, ತೂಕ, ಅವಧಿ ನಿಶ್ಚಿತವಾಗಿರಬೇಕೆಂಬ ಷರತ್ತಿನ ಮೇಲೆ ಪ್ರವಾದಿ(ಸ)ರು ಅದನ್ನು ಸಮ್ಮತಿಸಿದರು. ಇದನ್ನು ‘ಸಲಮ್’ ಎನ್ನುತ್ತಾರೆ. ಬಹುಪಾಲು ವಿದ್ವಾಂಸರ ಪ್ರಕಾರ ಇದರಲ್ಲಿ ಪೂರ್ಣ ಬೆಲೆಯು ಒಪ್ಪಂದದ ವೇಳೆಯಲ್ಲೇ ಬೆಳೆಗಾರನ ಕೈಸೇರಬೇಕು. ಮುಂಬೈಯ ಸಟ್ಟಾದಲ್ಲಿ ಸರಕೂ ಬರಲಿಲ್ಲ, ಹಣವೂ ಬರಲಿಲ್ಲ.

ಪಾಲಿನ ಹೆಸರನ್ನೇ ಕೇಳದ ರೈತನೂ ದಂಡ ತೆತ್ತನು. ಏರುದರವನ್ನು ನಂಬಿ ಎತ್ತಿಗೆ, ಮದುವೆಗೆ ಪಡೆದ ಸಾಲದ ಬಡ್ಡಿಯು ದರದೊಂದಿಗೆ ಇಳಿಯಲಿಲ್ಲ. ಸರಕಾರಿ ಕಂದಾಯವನ್ನೂ ನಗದಿನಲ್ಲೇ ಕಟ್ಟಬೇಕಿತ್ತು. ಪ್ರವಾದಿ ಯೂಸುಫ್(ಅ)ರು ಸುಭಿಕ್ಷದ ವರ್ಷಗಳ ಧಾನ್ಯವನ್ನು ತೆನೆಯಲ್ಲೇ ಉಳಿಸಿಡಲು ಹೇಳಿದ್ದರು. ನಮ್ಮ ಹಿರಿಯರ ಹಗೇವುಗಳೂ ಅದೇ ವಿವೇಕದವು; ಆದರೆ ಹತ್ತಿ ಬಿತ್ತಿದ ಹೊಲದಿಂದ ಹಗೇವಿಗೆ ಜೋಳ ಬರುವುದಿಲ್ಲ. 1876ರಲ್ಲಿ ಮಳೆ ಕೈಕೊಟ್ಟಿತು. 1872ರಿಂದ 1881ರ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಒಂದು ಲಕ್ಷದಷ್ಟು ಇಳಿದಿತ್ತು.