ಹಲವು ದನಿಗಳಿಗೆ ಒಂದೇ ಕಾಲ

ಶಬ್ದವು ಬೆಳಕಿನಂತೆ ಶೀಘ್ರಗಾಮಿಯಲ್ಲ. ಗಾಳಿಯಲ್ಲಿ ಅದು ಒಂದು ಸೆಕೆಂಡಿಗೆ ಸುಮಾರು ೧,೧೦೦ ಅಡಿಗಳಷ್ಟು ಮಾತ್ರ ಸಾಗುವುದು. ದೂರದ ಕಲ್ಲಿನ ಮೇಲೆ ಬಟ್ಟೆ ಒಗೆಯುವವನ ಕೈ ಮತ್ತೆ ಮೇಲಕ್ಕೇಳುವಾಗ ಹಿಂದಿನ ಪೆಟ್ಟಿನ ಸದ್ದು ಆಚೆಯ ದಡದವನಿಗೆ ಕೇಳಿಸುವುದನ್ನು ಎಲ್ಲರೂ ಬಲ್ಲರು. ಶಬ್ದದ ಮೂಲ ಒಂದೇ ಆಗಿದ್ದರೆ ಇದರಿಂದ ಹಾನಿಯೇನೂ ಇಲ್ಲ; ಹಲವು ಮೂಲಗಳಿಂದ ಹೊರಟ ದನಿಗಳು ಒಬ್ಬನೇ ಶ್ರೋತೃವಿನ ಕಿವಿಯಲ್ಲಿ ಒಂದೇ ಕ್ಷಣದಲ್ಲಿ ಕೂಡಬೇಕಾದಾಗ ತೊಡಕು ಮೊದಲಾಗುವುದು. ಸಂಗೀತ ಕಚೇರಿಯನ್ನು ಅಂತರ್ಜಾಲದ ಮೂಲಕ ನೇರಪ್ರಸಾರ ಮಾಡುವವರನ್ನು ಇಂದು ಕಾಡುವ ತೊಡಕೂ ಇದೇ. ಆದರೆ ಇದರ ಚರಿತ್ರೆಯು ಅಂತರ್ಜಾಲಕ್ಕಿಂತ ಬಹು ಹಳೆಯದು.

೧೮೫೫ನೆಯ ಇಸವಿಯಲ್ಲಿ ಪ್ಯಾರಿಸ್ ನಗರದಲ್ಲಿ ಮಹಾಪ್ರದರ್ಶನವು ನಡೆದಾಗ ಫ್ರೆಂಚ್ ಸಂಗೀತಗಾರನಾದ ಬರ್ಲಿಯೋಜ್ ಎಂಬಾತನು ಸುಮಾರು ೧,೨೦೦ ಮಂದಿ ಗಾಯಕವಾದಕರ ಮೇಳವನ್ನು ನಡೆಸಿದನು. ಅಂತಹ ವಿಶಾಲಭವನದಲ್ಲಿ ೧೧೦ ಅಡಿ ದೂರದ ವಾದಕನಿಗೆ ಮುಂದಿನವರ ನಾದವು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾಗಿ ಮುಟ್ಟುವುದು. ಅವನು ಅದನ್ನೇ ಅನುಸರಿಸಿ ನುಡಿಸಿದರೆ ಅವನ ನಾದವು ಮುಂದಕ್ಕೆ ಬರಲು ಮತ್ತೆ ಅಷ್ಟೇ ಕಾಲವು ಬೇಕು. ಹೀಗೆ ಯಾರೂ ತಪ್ಪದೆಯೇ ತಾಳವು ತಪ್ಪುವುದು! ಬರ್ಲಿಯೋಜನು ಬ್ರಸೆಲ್ಸಿನ ಯಂತ್ರಕಾರನೊಬ್ಬನಿಂದ ವಿದ್ಯುತ್ತಿನ ತಾಳಯಂತ್ರವೊಂದನ್ನು ಮಾಡಿಸಿದನು. ಬಲಗೈಯಲ್ಲಿ ಎಂದಿನಂತೆ ಕೋಲನ್ನು ಆಡಿಸುತ್ತ, ಎಡಗೈಯ ಬೆರಳಿನಿಂದ ತಾಮ್ರದ ಗುಂಡಿಯನ್ನು ಅವನು ಒತ್ತುತ್ತಿದ್ದನು. ದೂರದೂರದಲ್ಲಿ ನಿಂತ ಐವರು ಉಪನಾಯಕರು ತಂತಿಯ ಮೂಲಕ ಬಂದ ಆ ಸಂಜ್ಞೆಯನ್ನು ನೋಡಿ ತಮ್ಮ ತಮ್ಮ ಗುಂಪುಗಳನ್ನು ನಡೆಸುತ್ತಿದ್ದರು. ಕಿವಿಯನ್ನು ನಂಬದೆ, ಕಾಲದ ಸೂಚನೆಯನ್ನು ನಾದದಿಂದ ಬೇರ್ಪಡಿಸಿ ಬೇರೊಂದು ದಾರಿಯಲ್ಲಿ ಕಳುಹಿಸಿದ್ದೇ ಅವನ ಜಾಣ್ಮೆ. ಮುಂದಿನ ಉಪಾಯಗಳೆಲ್ಲವೂ ಇದರ ಸಂತತಿಯೆನ್ನಬಹುದು.

೧೯೨೬ರಲ್ಲಿ ಅಮೆರಿಕದ ವಾರ್ನರ್ ಸಹೋದರರು ವೈಟಾಫೋನ್ ಎಂಬ ಕ್ರಮದಲ್ಲಿ ಚಲಚ್ಚಿತ್ರಕ್ಕೆ ಗ್ರಾಮಫೋನ್ ತಟ್ಟೆಯನ್ನು ಜೊತೆಗೂಡಿಸಿದರು. ಎರಡನ್ನೂ ಒಂದೇ ಯಂತ್ರವು ತಿರುಗಿಸುತ್ತಿತ್ತು. ಆದರೆ ಫಿಲ್ಮು ಹರಿದು ನಾಲ್ಕು ಚಿತ್ರಗಳು ಕಳೆದುಹೋದರೆ ತುಟಿಯ ಚಲನೆ ಮುಂದಾಗಿ ಮಾತು ಹಿಂದುಳಿಯುತ್ತಿತ್ತು. ಕಳೆದಷ್ಟೇ ಕಪ್ಪು ಚೌಕಗಳನ್ನು ಅಂಟಿಸಿ ಸರಿಪಡಿಸಬೇಕಾಗಿತ್ತು. ಈ ಕಷ್ಟದ ದೆಸೆಯಿಂದ ಕೆಲವೇ ವರ್ಷಗಳಲ್ಲಿ ಶಬ್ದವನ್ನೂ ಫಿಲ್ಮಿನ ಅಂಚಿನಲ್ಲಿಯೇ ಬರೆಯುವ ಕ್ರಮವು ಗೆದ್ದಿತು.

ಇದಕ್ಕಿಂತಲೂ ಸ್ವಾರಸ್ಯವಾದ ನಿದರ್ಶನವು ೧೯೭೩ನೆಯ ಜುಲೈ ೨೮ರದು. ಆ ದಿನ ನ್ಯೂಯಾರ್ಕ್ ಸಂಸ್ಥಾನದ ವಾಟ್ಕಿನ್ಸ್ ಗ್ಲೆನ್ ಎಂಬಲ್ಲಿ ಸುಮಾರು ಆರು ಲಕ್ಷ ಜನರು ಸಂಗೀತಕ್ಕಾಗಿ ನೆರೆದಿದ್ದರು. ದೂರದವರಿಗೆ ಕೇಳಿಸಲೆಂದು ಬಯಲಿನ ನಡುವೆ ಧ್ವನಿವರ್ಧಕಗಳ ಗೋಪುರಗಳನ್ನು ನಿಲ್ಲಿಸಿದ್ದರು. ತಂತಿಯಲ್ಲಿ ಬಂದ ಹಾಡು ಗೋಪುರದಿಂದ ಒಡನೆಯೇ ಹೊರಡುವುದು. ವೇದಿಕೆಯಿಂದ ಗಾಳಿಯಲ್ಲಿ ಬಂದ ಅದೇ ಹಾಡು ಆಮೇಲೆ ಬಂದು ಮುಟ್ಟುವುದು. ಕೇಳುವವನಿಗೆ ಒಂದು ಪದವೇ ಎರಡಾಗುವುದು. ಗಾಳಿಯನ್ನು ಅವಸರಪಡಿಸುವ ಶಕ್ತಿ ಯಾರಿಗುಂಟು? ಆದುದರಿಂದ ತಂತಿಯ ದನಿಯನ್ನೇ ವಿಳಂಬಯಂತ್ರದಲ್ಲಿ ತಡೆದು, ಗಾಳಿಯ ದನಿಯು ಬರುವ ಹೊತ್ತಿಗೆ ಬಿಡುಗಡೆ ಮಾಡಿದರು. ಹಿಂದುಳಿದವನನ್ನು ಓಡಿಸಲಾಗದಿದ್ದರೆ ಮುಂದೋಡುವವನನ್ನು ನಿಲ್ಲಿಸುವುದೇ ಉಪಾಯ.

ಈಗಿನ ನೇರಪ್ರಸಾರದ ಗುಟ್ಟೂ ಇದೇ ಆಗಿದೆ. ಗಾಯಕನ ಮೈಕು, ಮೃದಂಗದ ಮೈಕು, ಕ್ಯಾಮರಾ, ಇವುಗಳ ದನಿಯೂ ಚಿತ್ರವೂ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಬೇರೆ ಬೇರೆ ಹಾದಿಗಳಲ್ಲಿ ಬರುವುವು. ೧೯೯೬ರಲ್ಲಿ ಪ್ರಕಟವಾದ ಒಂದು ನಿಯಮದಂತೆ ಪ್ರತಿ ಪೊಟ್ಟಣದ ಮೇಲೂ ಅದರ ಕಾಲವನ್ನು ಗುರುತು ಮಾಡುವರು. ಗಣಕಯಂತ್ರಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸುವ ಕ್ರಮವನ್ನು ಅಮೆರಿಕದ ಡೇವಿಡ್ ಮಿಲ್ಸ್ ಎಂಬ ವಿದ್ವಾಂಸನು ೧೯೮೫ರಲ್ಲಿಯೇ ಪ್ರಕಟಿಸಿದ್ದನು. ಮೊದಲು ಬಂದ ಪೊಟ್ಟಣವು ಕಡೆಯದು ಬರುವವರೆಗೆ ಕಾದಿರಬೇಕು. ಆದರೆ ಆರಂಭದಲ್ಲಿ ಒಮ್ಮೆ ಹೊಂದಿಸಿದರೆ ಸಾಲದು. ಯಂತ್ರವು ಸೆಕೆಂಡಿಗೆ ೪೮,೦೦೦ ಸಲ ದನಿಯನ್ನು ಅಳೆಯುವುದು. ಎರಡು ಯಂತ್ರಗಳ ನಡೆಯಲ್ಲಿ ಹತ್ತು ಲಕ್ಷಕ್ಕೆ ೨೦ರಷ್ಟು ವ್ಯತ್ಯಾಸವಿದ್ದರೂ ಒಂದು ಗಂಟೆಯಲ್ಲಿ ಅದು ಸೆಕೆಂಡಿನ ಸಾವಿರದ ೭೨ ಪಾಲಾಗಿ ಬೆಳೆಯುವುದು. ವರ್ಣದಲ್ಲಿ ಸರಿಯಾಗಿದ್ದ ಕಚೇರಿ ಮಂಗಳದ ವೇಳೆಗೆ ಕೆಟ್ಟಿರುವುದು ಹೀಗೆ.

ನಮ್ಮ ಶಿಕ್ಷಾಶಾಸ್ತ್ರಜ್ಞರು ಚಾಷಪಕ್ಷಿಯ ಕೂಗನ್ನು ಒಂದು ಮಾತ್ರೆಯೆಂದೂ ಕಾಗೆಯದನ್ನು ಎರಡೆಂದೂ ನವಿಲಿನದನ್ನು ಮೂರೆಂದೂ ಅಳೆದಿದ್ದರು. ಈ ಕಾರ್ಯಕ್ಕೆ ಆ ಅಳತೆಯು ಸಾಲದು. ಆದರೂ ಕಡೆಯ ಪ್ರಮಾಣವು ಮನುಷ್ಯನ ಇಂದ್ರಿಯವೇ. ಶಬ್ದವು ಚಿತ್ರಕ್ಕಿಂತ ಸೆಕೆಂಡಿನ ಸಾವಿರದ ೪೫ ಪಾಲು ಮುಂದಾದರೆ ನೋಡುವವನಿಗೆ ತಿಳಿಯುವುದೆಂದೂ, ಹಿಂದಾದರೆ ೧೨೫ ಪಾಲಿನವರೆಗೆ ತಿಳಿಯದೆಂದೂ ೧೯೯೮ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ನಿರೂಪಿಸಿತು. ಈ ಪಕ್ಷಪಾತವು ಸಹಜವಾದುದೇ. ಸದ್ದು ನೋಟಕ್ಕಿಂತ ಹಿಂದೆ ಬರುವುದಕ್ಕೆ ಮನುಷ್ಯನು ಹುಟ್ಟಿನಿಂದ ಒಗ್ಗಿರುವನು. ಮುಂದೆ ಬರುವುದನ್ನು ಲೋಕದಲ್ಲಿ ಎಂದೂ ಕಂಡವನಲ್ಲ.

ಇಷ್ಟೆಲ್ಲವೂ ಕೇಳುವವರಿಗೆ ಸಂಬಂಧಿಸಿದ ಮಾತು. ಅವರು ಹತ್ತು ಸೆಕೆಂಡು ತಡವಾಗಿ ಕೇಳಿದರೂ ನಷ್ಟವಿಲ್ಲ. ಊರೂರುಗಳಲ್ಲಿ ಕುಳಿತು ಕೂಡಿ ಹಾಡಬೇಕೆನ್ನುವವರಿಗೆ ಮಾತ್ರ ಕಾಯಿಸುವ ಉಪಾಯವು ಫಲಿಸದು. ಪರಸ್ಪರ ದನಿಯು ಸಾವಿರದ ೨೫–೩೦ ಪಾಲಿಗಿಂತ ತಡವಾದರೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ಲಯವು ಇಳಿಯತೊಡಗುವುದು. ೨೦೧೦ರಲ್ಲಿ ಎರಿಕ್ ವಿಟೇಕರ್ ಎಂಬ ಅಮೆರಿಕದ ಸಂಗೀತಗಾರನು ೧೨ ದೇಶಗಳ ೧೮೫ ಕಂಠಗಳನ್ನು ಒಂದು ಮೇಳವಾಗಿ ಕೇಳಿಸಿದನು; ಆದರೆ ಅವರು ಒಬ್ಬೊಬ್ಬರೇ ಹಾಡಿ ಕಳುಹಿಸಿದುದನ್ನು ಆಮೇಲೆ ಹೊಂದಿಸಲಾಗಿತ್ತು. ೨೦೨೦ರ ಮಹಾಮಾರಿಯ ಕಾಲದಲ್ಲಿ ಮನೆಮನೆಗಳಲ್ಲಿ ಬಂದಿಗಳಾಗಿದ್ದ ಗಾಯಕರಿಗೆ ಈ ಕೊರತೆಯು ಚೆನ್ನಾಗಿ ಅನುಭವಕ್ಕೆ ಬಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ರೂಪಿಸಿದ್ದ ಜ್ಯಾಕ್‌ಟ್ರಿಪ್ ಎಂಬ ಸಾಧನವು ಸಮೀಪದ ಊರುಗಳ ನಡುವೆ ಸ್ವಲ್ಪಮಟ್ಟಿಗೆ ಒದಗಿತು. ಬೆಂಗಳೂರಿಗೂ ಕ್ಯಾಲಿಫೋರ್ನಿಯಕ್ಕೂ ಸುಮಾರು ೧೪,೦೦೦ ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕೇ ಓಡಿದರೂ ಹೋಗಲು ಸಾವಿರದ ೭೦ ಪಾಲು, ಮರಳಲು ಮತ್ತೆ ೭೦. ಇಲ್ಲಿಯ ಗುರುವು ಕೈಯಲ್ಲಿ ಹಾಕಿದ ತಾಳಕ್ಕೆ ಅಲ್ಲಿಯ ಶಿಷ್ಯೆ ಎಷ್ಟು ಸರಿಯಾಗಿ ಹಾಡಿದರೂ ಗುರುವಿನ ಕಿವಿಗೆ ಅದು ತಪ್ಪಾಗಿಯೇ ಕೇಳಿಸುವುದು. ಆದುದರಿಂದ ಇಂತಹ ಪಾಠದಲ್ಲಿ ಗುರುವು ಒಂದು ಸಾಲನ್ನು ಹಾಡಿ ನಿಲ್ಲಿಸುವನು. ಶಿಷ್ಯೆಯು ತನ್ನ ತಾಳವನ್ನು ತಾನೇ ಹಾಕಿಕೊಂಡು ಆ ಸಾಲನ್ನು ಒಪ್ಪಿಸುವಳು. ಅದು ಮುಗಿಯುವವರೆಗೆ ಗುರುವು ಕೈಕಟ್ಟಿ ಕೇಳುತ್ತಿರುವನು.